ಶೋಪಾನ್‌ನ ಇ ಮೇಜರ್ ಎಟ್ಯೂಡ್ (ಓಪಸ್ 10, ನಂ. 3): ಇದು ನಿಜಕ್ಕೂ ಅಳೋ ಸಂಗೀತಾನಾ?

ಸರಸ್ವತಿಪುರಂ_ಸಂಜೆ:
ಎಲ್ಲರಿಗೂ ನಮಸ್ಕಾರ. ಪಿಯಾನೊ ನುಡಿಸೋರು, ಸುಮ್ನೆ ಕೇಳೋರು, ಇಬ್ಬರೂ ಇಲ್ಲಿದ್ದೀರಿ ಅಂತ ಗೊತ್ತು. ಅದಕ್ಕೇ ಕೇಳ್ತಿದ್ದೀನಿ.

ಪೋಲೆಂಡಿನ ಶೋಪಾನ್ ಬರೆದ ಓಪಸ್ 10 ಸಂಕಲನದ ಮೂರನೇ ಎಟ್ಯೂಡ್ (ಕೈ ಪಳಗಿಸೋಕೆ ಬರೆದ ಅಭ್ಯಾಸದ ಪೀಸು) ಕಲೀತಿದ್ದೀನಿ. ಯೂಟ್ಯೂಬಲ್ಲಿ ಎಲ್ಲಿ ಹುಡುಕಿದ್ರೂ ‘ತ್ರಿಸ್ತೆಸ್’ (ದುಃಖ) ಅನ್ನೋ ಹೆಸರು, ಮಳೆ ಸುರಿಯೋ ಕಿಟಕಿಯ ಚಿತ್ರ, ಕೆಳಗೆ ಕಾಮೆಂಟ್ ತುಂಬ ಕಣ್ಣೀರು. ನಮ್ಮ ಟೀಚರ್ ಕೂಡ ‘ಇದು ದುಃಖದ ಪೀಸ್, ನಿಧಾನ, ಇನ್ನೂ ನಿಧಾನ’ ಅಂತಾರೆ. ಆದ್ರೆ ನಿಧಾನ ಮಾಡಿದಷ್ಟೂ ನನ್ನ ಕೈಯಲ್ಲಿ ಹಾಡು ತುಂಡುತುಂಡಾಗುತ್ತೆ. ಪುಸ್ತಕ ನೋಡಿದ್ರೆ ‘ಲೆಂಟೊ ಮಾ ನಾನ್ ತ್ರೊಪ್ಪೊ’ (ನಿಧಾನ, ಆದ್ರೆ ಅತಿ ಬೇಡ), ಕ್ವೇವರ್‌ಗೆ 100, ಅಂದ್ರೆ ನಿಮಿಷಕ್ಕೆ 100 ಅರ್ಧಪೆಟ್ಟು ಅಂತ ಅಚ್ಚಾಗಿದೆ. ಮೆಟ್ರೊನೋಮ್ 100ಕ್ಕೆ ಇಟ್ಟರೆ, ನಾನು ಕೇಳಿರೋ ಹೆಚ್ಚಿನ ರೆಕಾರ್ಡಿಂಗ್‌ಗಳು ಅದಕ್ಕಿಂತ ಹಿಂದೆ ಉಳೀತವೆ.

ಸ್ಕೇಲ್ ನೋಡಿದ್ರೆ ಮೇಜರ್. ಮಧ್ಯದಲ್ಲಿ ಆ ಪರಿ ಅಬ್ಬರ. ಇದರ ಸ್ವಭಾವ ಏನು ಅಂತ ನೀವೆಲ್ಲ ಹೇಗೆ ಅರ್ಥ ಮಾಡ್ಕೊಂಡಿದ್ದೀರಿ?

ಹಳೇರೆಕಾರ್ಡು:
ಒಳ್ಳೇ ಪ್ರಶ್ನೆ. ಮೊದಲಿಗೆ ಒಂದು ವಿಷಯ. ಆ ಹೆಸರು ಶೋಪಾನ್ ಇಟ್ಟಿದ್ದಲ್ಲ. ತನ್ನ ಯಾವ ಎಟ್ಯೂಡ್‌ಗೂ ಆತ ಹೆಸರಿಡಲಿಲ್ಲ. ‘ರೆವಲ್ಯೂಷನರಿ’, ‘ವಿಂಟರ್ ವಿಂಡ್’, ‘ಬಟರ್‌ಫ್ಲೈ’ ಎಲ್ಲಾ ಬೇರೆಯವರು ಅಂಟಿಸಿದ್ದು. ಮುಂದೆ ಇಪ್ಪತ್ತನೇ ಶತಮಾನದಲ್ಲಿ ಈ ರಾಗಕ್ಕೆ ಬೇರೆಬೇರೆ ಭಾಷೆಗಳಲ್ಲಿ ವಿರಹದ ಸಾಹಿತ್ಯ ಕಟ್ಟಿ ಹಾಡಿದ್ರು. ಅಲ್ಲಿಂದ ಇದು ಕಣ್ಣೀರಿನ ಪೀಸ್ ಅನ್ನೋದು ಇನ್ನೂ ಗಟ್ಟಿಯಾಯ್ತು.

ಎರಡನೇಬೆರಳು:
ಟೆಂಪೊ ವಿಷಯದಲ್ಲಿ ಇನ್ನೂ ಒಂದು ಮಜಾ ಇದೆ. ಶೋಪಾನ್ 1832ರಲ್ಲಿ ಕೈಯಲ್ಲಿ ಬರೆದಾಗ ಮೊದಲು ಹಾಕಿದ ಸೂಚನೆ ‘ವಿವಾಚೆ’. ಅಂದ್ರೆ ಚುರುಕಾಗಿ! ಆಮೇಲೆ ಅದು ‘ವಿವಾಚೆ ಮಾ ನಾನ್ ತ್ರೊಪ್ಪೊ’ ಆಯ್ತು. 1833ರಲ್ಲಿ ಅಚ್ಚಾಗೋ ಹೊತ್ತಿಗೆ ‘ಲೆಂಟೊ ಮಾ ನಾನ್ ತ್ರೊಪ್ಪೊ’. ಚುರುಕಿನಿಂದ ಶುರುಮಾಡಿ ನಿಧಾನಕ್ಕೆ ಬಂದು ನಿಂತಿದ್ದಾನೆ. ಆದ್ರೆ ಎರಡರಲ್ಲೂ ‘ಮಾ ನಾನ್ ತ್ರೊಪ್ಪೊ’ ಇದೆ ನೋಡಿ, ‘ಅತಿ ಬೇಡ’ ಅಂತ. ಆ ಎರಡು ಅಂಚುಗಳ ಮಧ್ಯೆ ಎಲ್ಲೋ ಇದರ ನಡೆ ಇದೆ.

ಲೆಕ್ಕ ಹಾಕಿ ನೋಡಿ. ಒಟ್ಟು 77 ಬಾರ್ (ತಾಳದ ಆವರ್ತದ ಹಾಗೆ), ಬಾರಿಗೆ ನಾಲ್ಕು ಕ್ವೇವರ್, 308 ಆಯ್ತು. ನಿಮಿಷಕ್ಕೆ 100ರಂತೆ ಮೂರು ನಿಮಿಷದ ಮೇಲೆ ಚೂರು. ಈಗ ನಾಲ್ಕು, ನಾಲ್ಕೂವರೆ ನಿಮಿಷ ಎಳೆಯೋರು ಎಷ್ಟು ಜನ ಇಲ್ಲ!

ತಂಬೂರಿತಂತಿ:
ಲೆಕ್ಕದಿಂದ ಸಂಗೀತ ಆಗಲ್ಲ ಸರ್. ಮಧ್ಯದಲ್ಲಿ ಪೋಕೊ ಪಿಯು ಅನಿಮಾಟೊ (ಚೂರು ಹೆಚ್ಚು ಚುರುಕಾಗಿ) ಇದೆ, ಅಲ್ಲಲ್ಲಿ ತಡೆಯೋ ಜಾಗಗಳಿವೆ. ಒಂದೇ ವೇಗದಲ್ಲಿ ಗಡಿಯಾರದ ಹಾಗೆ ಯಾರೂ ನುಡಿಸಲ್ಲ, ನುಡಿಸಲೂಬಾರದು. ಆ ಹಾಡು ಕೇಳಿದ್ರೆ ನನಗೆ ಗಂಟಲು ಕಟ್ಟುತ್ತೆ. ಅದು ಹೆಸರಿನಿಂದ ಬಂದಿದ್ದಲ್ಲ, ಹೆಸರು ಗೊತ್ತಾಗೋ ಮೊದಲೇ ಕೇಳಿದ್ದೆ.

ಎರಡನೇಬೆರಳು:
ಗಂಟಲು ಕಟ್ಟಲಿ ಮೇಡಂ, ನನಗೂ ಕಟ್ಟುತ್ತೆ. ನಾನು ಹೇಳ್ತಿರೋದು ನುಡಿಸೋರು ಮೊದಲೇ ಅಳ್ತಾ ಕೂತ್ರೆ ಕೇಳೋರಿಗೆ ಏನೂ ಉಳಿಯಲ್ಲ ಅಂತ.

ಶಾಲ್ಮಲಾತೀರ:
ನಾ ಧಾರವಾಡದಾಗ ಹಾರ್ಮೋನಿಯಂ ನುಡಿಸಾಂವ್ರೀ, ಪಿಯಾನೊ ಬರೂದಿಲ್ಲ. ಒಂದು ಮಾತು ಕೇಳ್ತೀನಿ. ‘ನಿಧಾನ ಮಾಡಿದ್ರ ಹಾಡು ತುಂಡಾಗ್ತದ’ ಅಂದ್ರಲ್ಲ ಸಂಜೆ ಅವರು, ಯಾಕ ಹಂಗ? ನಮ್ಮ ಪೆಟ್ಟಿಗ್ಯಾಗ ಭಾತಿ ಹೊಡೀತಾ ಇದ್ರ ಸ್ವರ ನಿಂತೇ ಇರ್ತದ.

ಎರಡನೇಬೆರಳು:
ಸರ್, ನೀವು ಕೇಳಿದ್ದೇ ಈ ಪೀಸಿನ ಮರ್ಮ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಸಾಯೋಕೆ ಶುರು. ಕೀ ಒತ್ತಿ ಹಿಡಿದ್ರೂ ಅದನ್ನ ಮತ್ತೆ ಏರಿಸೋಕೆ ಆಗಲ್ಲ. ಹಾಗಾಗಿ ಪಿಯಾನೊದಲ್ಲಿ ‘ಲೆಗಾಟೊ’ (ಸ್ವರಗಳನ್ನ ಕಡಿಯದೆ ಜೋಡಿಸೋದು) ಅಂದ್ರೆ ಕಿವಿಗೆ ಮಾಡೋ ಮೋಡಿ. ಹಿಂದಿನ ಸ್ವರ ಎಷ್ಟಕ್ಕೆ ಇಳಿದಿದೆಯೋ ಹೆಚ್ಚುಕಡಿಮೆ ಅಷ್ಟರಲ್ಲೇ ಮುಂದಿನ ಸ್ವರವನ್ನ ಎತ್ತಿಕೊಂಡ್ರೆ ಕಿವಿ ಎರಡನ್ನೂ ಒಂದೇ ಗೆರೆ ಅಂತ ಕೇಳಿಸ್ಕೊಳ್ಳುತ್ತೆ. ಉದ್ದದ ಸ್ವರ ಆದ್ಮೇಲೆ ಬರೋ ಚಿಕ್ಕ ಸ್ವರವನ್ನ ಜೋರಾಗಿ ಬಡಿದ್ರೆ ಅಲ್ಲೇ ಹಾಡು ಮುರೀತು.

ಈ ಎಟ್ಯೂಡ್‌ನಲ್ಲಿ ಹಾಡು ಇರೋದು ಬಲಗೈಯ ನಾಲ್ಕು, ಐದನೇ ಬೆರಳುಗಳಲ್ಲಿ. ಇರೋದ್ರಲ್ಲೇ ಬಲ ಕಡಿಮೆ ಇರೋ ಬೆರಳುಗಳು. ಅದೇ ಕೈಯ ಹೆಬ್ಬೆರಳು, ತೋರುಬೆರಳು ಕೆಳಗೆ ಸೆಮಿಕ್ವೇವರ್‌ಗಳನ್ನ (ಕ್ವೇವರ್‌ನ ಅರ್ಧದ ಸ್ವರಗಳು) ನಿಲ್ಲದೆ ತೂಗ್ತಾ ಇರಬೇಕು. ಒಂದೇ ಕೈಯಲ್ಲಿ ಮಗುವನ್ನೂ ಎತ್ತಿಕೊಂಡು ಬಾಗಿಲ ಚಿಲಕವನ್ನೂ ತೆಗೆಯೋ ಕೆಲಸ. ಬಲ ಇರೋ ಬೆರಳು ಪಿಸುಗುಟ್ಟಬೇಕು, ಬಲ ಇಲ್ಲದ ಬೆರಳು ಹಾಡಬೇಕು. ‘ಇಷ್ಟು ನಿಧಾನದ ಪೀಸು ಎಟ್ಯೂಡ್ ಹೇಗಾಯ್ತು?’ ಅನ್ನೋರಿಗೆ ಉತ್ತರ ಇದೇ.

ಇನ್ನು ವೇಗ. ಅತಿ ನಿಧಾನ ಮಾಡಿದ್ರೆ ಮುಂದಿನ ಸ್ವರ ಬರೋಷ್ಟರಲ್ಲಿ ಹಿಂದಿನದು ಆರಿಹೋಗಿರುತ್ತೆ. ಆರಿದ ಮೇಲೆ ಬಂದ ಸ್ವರ ಹೊಸದಾಗಿ ಬಡಿದ ಸ್ವರ ಅಂತಲೇ ಕೇಳುತ್ತೆ. ಸಂಜೆ ಅವರ ಕೈಯಲ್ಲಿ ಆಗ್ತಿರೋದು ಅದೇ.

ಶಾಲ್ಮಲಾತೀರ:
ಈಗ ತಿಳೀತ್ರಿ. ಅಂದ್ರ ನಮಗ ಭಾತಿ ಮಾಡೂ ಕೆಲಸ, ನಿಮಗ ಕಿವಿ ಮಾಡಬೇಕು. ಭಾಳ ಛಲೋ ಅದ.

ಕಡಲಹಕ್ಕಿ:
ಇಲ್ಲಿ ಒಂದು ಸೇರಿಸ್ಬೇಕು ಮಾರಾಯ್ರೆ. ಶೋಪಾನ್ ನುಡಿಸ್ತಿದ್ದದ್ದು ಈಗಿನ ಒಂಬತ್ತಡಿ ಕಾನ್ಸರ್ಟ್ ಗ್ರ್ಯಾಂಡ್ ಅಲ್ಲ. ಅವನಿಗೆ ಇಷ್ಟ ಇದ್ದದ್ದು ಪ್ಲೇಯೆಲ್ ಪಿಯಾನೊ. 1832ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಮೊದಲ ಕಚೇರಿ ಕೊಟ್ಟದ್ದೂ ಪ್ಲೇಯೆಲ್ ಕಂಪನಿಯ ಸಭಾಂಗಣದಲ್ಲೇ. ಆ ವಾದ್ಯದ ಕೀ ಹಗುರ, ಸ್ವರ ಬೇಗ ಇಳೀತದೆ. ಹಾಗಿದ್ದ ಮೇಲೆ ಈಗಿನವರು ನುಡಿಸುವಷ್ಟು ನಿಧಾನ ಅವನ ವಾದ್ಯದಲ್ಲಿ ನಿಲ್ಲುವುದೇ ಕಷ್ಟ ಉಂಟು. 100 ಅಂತ ಬರೆದದ್ದು ಸುಮ್ಮನೆ ಅಲ್ಲ.

ತಂಬೂರಿತಂತಿ:
ಸರಿ, ಹಾಗಾದ್ರೆ ಈಗಿನ ಪಿಯಾನೊದಲ್ಲಿ ಸ್ವರ ಹೆಚ್ಚು ಹೊತ್ತು ನಿಲ್ಲುತ್ತೆ. ಅದಕ್ಕೆ ತಕ್ಕಂತೆ ಸ್ವಲ್ಪ ನಿಧಾನ ಮಾಡಿದ್ರೆ ತಪ್ಪೇನು? ವಾದ್ಯ ಬದಲಾದ್ರೆ ನಡೆಯೂ ಬದಲಾಗಬಹುದಲ್ವಾ? ನೀವು ಹೇಳಿದ ಕಾರಣವೇ ನನ್ನ ಕಡೆಗೂ ಬರುತ್ತೆ.

ಕಡಲಹಕ್ಕಿ:
ಅದು ಒಪ್ಪುವ ಮಾತು. ಆದರೆ ಸ್ವರ ನಿಲ್ಲುವುದು ಒಂದೇ ಅಲ್ಲ. ಎಡಗೈ ನೋಡಿ. ಅಲ್ಲಿ ಒತ್ತು ತಾಳದ ಪೆಟ್ಟಿನ ಮೇಲೆ ಬೀಳುವುದಿಲ್ಲ, ಎರಡು ಪೆಟ್ಟುಗಳ ನಡುವೆ ಬೀಳ್ತದೆ. ಆ ಓಲಾಟವೇ ಹಾಡನ್ನು ಮುಂದಕ್ಕೆ ದೂಡುವುದು. ತುಂಬಾ ನಿಧಾನ ಮಾಡಿದರೆ ಆ ಎಳೆತ ಕೇಳುವುದೇ ಇಲ್ಲ, ಪ್ರತಿ ಸ್ವರವೂ ಒಂದೊಂದು ಪೆಟ್ಟಾಗಿ ಕೇಳ್ತದೆ. ವಾದ್ಯ ಎಷ್ಟು ಒಳ್ಳೆಯದಿದ್ದರೂ ಸರಿ.

ಬಸವನಗುಡಿ_ಬೆಳಗು:
ಕರ್ನಾಟಕ ಸಂಗೀತ ಕಲಿತವಳು ನಾನು. ಇದು ಶಂಕರಾಭರಣ ಅಲ್ವಾ? ಸ್ವರಗಳು ಹಾಗೇ ಕೇಳ್ತವೆ.

ಹಳೇರೆಕಾರ್ಡು:
ಮೊದಲ ಭಾಗದ ಹಾಡಿನ ಸ್ವರಗಳು ಹೆಚ್ಚುಕಡಿಮೆ ಹೌದು, ಮೇಜರ್ ಸ್ಕೇಲ್ ಅಂದ್ರೆ ಶಂಕರಾಭರಣದ ಸ್ವರಗಳೇ. ಆದ್ರೆ ಮಧ್ಯಭಾಗಕ್ಕೆ ಬನ್ನಿ, ಡಿಮಿನಿಷ್ಡ್ ಕಾರ್ಡ್‌ಗಳು (ನೆಲೆ ನಿಲ್ಲದ ಸ್ವರಗುಚ್ಛಗಳು) ಸಾಲಾಗಿ ಜಾರುತ್ತವೆ. ಆಗ ಯಾವ ಸ್ವರ ಷಡ್ಜ ಅನ್ನೋದೇ ಗೊತ್ತಾಗಲ್ಲ. ಅಲ್ಲಿ ರಾಗದ ಅಳತೆ ನಡೆಯಲ್ಲ.

ಬಸವನಗುಡಿ_ಬೆಳಗು:
ಗಮಕ ಇಲ್ಲದೆ ಇಷ್ಟು ಭಾವ ಹೇಗೆ ಬರುತ್ತೆ ಅನ್ನೋದೇ ನನಗೆ ಬೆರಗು. ಕೀ ಒತ್ತಿದ ಮೇಲೆ ಶ್ರುತಿಯನ್ನ ಒಂದು ಎಳೆಯಷ್ಟೂ ಅಲುಗಿಸೋಕೆ ಆಗಲ್ಲ!

ಬರ್ಲಿನ್_ಕನ್ನಡತಿ:
ಅಕ್ಕಾ, ಆ ಕೆಲಸವನ್ನ ಇಲ್ಲಿ ಹಾರ್ಮನಿ ಮಾಡುತ್ತೆ. ಹಾಡಿನ ಸ್ವರ ಅಲ್ಲೇ ನಿಂತಿರುವಾಗ ಕೆಳಗಿನ ಕಾರ್ಡ್ ಬದಲಾಗುತ್ತೆ, ಅದೇ ಸ್ವರ ಬೇರೆ ಬಣ್ಣದಲ್ಲಿ ಕೇಳುತ್ತೆ. ಒಳಗಿನ ಸೆಮಿಕ್ವೇವರ್‌ಗಳು ಇಷ್ಟು ಮುಖ್ಯ ಆಗೋದು ಅದಕ್ಕೇ. ಅವನ್ನ ಬರೀ ತುಂಬಿಸೋ ಸ್ವರ ಅಂತ ಮಂಕಾಗಿ ನುಡಿಸಿದ್ರೆ ಹಾಡಿನ ಕೆಳಗಿನ ನೆಲವೇ ಹೋಯ್ತು.

ಇನ್ನೊಂದು, ಶೋಪಾನ್‌ಗೆ ಇಟಾಲಿಯನ್ ಒಪೆರಾ ಗಾಯಕರಂದ್ರೆ ಪ್ರಾಣ. ಹಾಡುಗಾರರನ್ನ ಕೇಳಿ, ನೀವೂ ಹಾಡಲು ಕಲೀರಿ ಅಂತ ತನ್ನ ಶಿಷ್ಯರಿಗೆ ಹೇಳ್ತಿದ್ದ. ಒಪೆರಾ ಬರೆಯೋ ಬೆಲ್ಲಿನಿ ಅವನ ಸ್ನೇಹಿತ. ಹಾಗಾಗಿ ಈ ಎಟ್ಯೂಡನ್ನ ಬಾಯಲ್ಲಿ ಹಾಡಿ ನೋಡೋದೇ ನನ್ನ ಪ್ರಕಾರ ಮೊದಲ ಹೆಜ್ಜೆ. ಉಸಿರು ಎಲ್ಲಿ ಬೇಕಾಗುತ್ತೆ ಅಂತ ನೋಡಿ. ಮೊದಲ ಎಂಟು ಬಾರ್‌ಗಳು ನಾಲ್ಕು ನಾಲ್ಕಾಗಿ ಒಡೆಯಲ್ಲ, ಐದು ಮತ್ತು ಮೂರಾಗಿ ಒಡೀತವೆ. ಮೊದಲ ಉಸಿರು ಉದ್ದ, ಎರಡನೆಯದು ಗಿಡ್ಡ. ಅತಿ ನಿಧಾನದಲ್ಲಿ ಐದು ಬಾರನ್ನ ಒಂದೇ ಉಸಿರಲ್ಲಿ ಹಾಡೋಕೆ ಯಾವ ಗಾಯಕರಿಗೂ ಆಗಲ್ಲ. ಸಂಜೆ ಅವರೇ, ನಿಮ್ಮ ವೇಗ ಎಷ್ಟಿರಬೇಕು ಅಂತ ನಿಮ್ಮ ಉಸಿರೇ ಹೇಳುತ್ತೆ.

ಸರಸ್ವತಿಪುರಂ_ಸಂಜೆ:
ಐದು + ಮೂರು! ಇದನ್ನ ಯಾರೂ ಹೇಳಿರಲಿಲ್ಲ. ಈಗಷ್ಟೇ ಹಾಡಿ ನೋಡಿದೆ. ನಾಲ್ಕನೇ ಬಾರ್ ಆದ್ಮೇಲೆ ನಾನು ಯಾವಾಗಲೂ ಒಂದು ಚಿಕ್ಕ ತಡೆ ಕೊಡ್ತಿದ್ದೆ, ಅಲ್ಲಿ ವಾಕ್ಯ ಮುಗಿದೇ ಇಲ್ಲ.

ಗುರುತುಬೇಡ:
ಎಲ್ಲಾ ಸರಿ. ಆದ್ರೆ ದುಃಖವೇ ಇಲ್ಲ ಅನ್ನೋದು ಅತಿ ಆಯ್ತು. ಆ ಕತೆ ಗೊತ್ತಿಲ್ವಾ? ಗುಟ್ಮನ್ ಅನ್ನೋ ಶಿಷ್ಯ ಇದನ್ನ ನುಡಿಸ್ತಿದ್ದಾಗ ಶೋಪಾನ್ ಎರಡೂ ಕೈ ಜೋಡಿಸಿ ಮೇಲೆತ್ತಿ ‘ಓ ನನ್ನ ತಾಯ್ನಾಡೇ!’ ಅಂತ ಕೂಗಿದ್ನಂತೆ. 1830ರ ನವೆಂಬರ್ 2ಕ್ಕೆ ವಾರ್ಸಾ ಬಿಟ್ಟ, ಅದೇ ತಿಂಗಳ 29ಕ್ಕೆ ಅಲ್ಲಿ ದಂಗೆ ಎದ್ದಿತು, 1831ರ ಸೆಪ್ಟೆಂಬರ್‌ನಲ್ಲಿ ರಷ್ಯನ್ ಸೈನ್ಯ ವಾರ್ಸಾ ಹಿಡೀತು. ಮರುವರ್ಷ ಈ ಎಟ್ಯೂಡ್. ಶೋಪಾನ್ ಮತ್ತೆಂದೂ ಊರಿಗೆ ಹೋಗಲಿಲ್ಲ. ಇದರಲ್ಲಿ ದುಃಖ ಇಲ್ಲದೆ ಇನ್ನೆಲ್ಲಿ ಇರುತ್ತೆ?

ಹಳೇರೆಕಾರ್ಡು:
ಆ ಕತೆ ಬರೋದು ನೀಕ್ಸ್ 1888ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ. ಗುಟ್ಮನ್ ಹುಟ್ಟಿದ್ದು 1819ರಲ್ಲಿ, ಶೋಪಾನ್ ಬಳಿ ಪಾಠಕ್ಕೆ ಬಂದಿದ್ದು ಈ ಎಟ್ಯೂಡ್ ಅಚ್ಚಾದ ಮೇಲೆ. ಅಂದ್ರೆ ಆ ಉದ್ಗಾರ ಬರೆಯುವಾಗಿನದ್ದಲ್ಲ, ಆಮೇಲೆ ಶಿಷ್ಯನ ಕೈಯಲ್ಲಿ ಕೇಳಿದಾಗಿನದ್ದು. ಕತೆ ನಿಜ ಅಂತಲೇ ಇಟ್ಕೊಳ್ಳೋಣ, ಆಗ ಅದು ಹೇಳೋದು ಊರು ಬಿಟ್ಟವನು ತನ್ನದೇ ಹಳೇ ಹಾಡನ್ನ ಕೇಳಿದಾಗ ಏನಾಯ್ತು ಅಂತ. ಬರೆದಾಗ ಅವನ ಮನಸ್ಸಲ್ಲಿ ಇದೇ ಇತ್ತು ಅಂತ ಅದರಿಂದ ತೀರ್ಮಾನಿಸೋಕೆ ಬರಲ್ಲ.

ಗುರುತುಬೇಡ:
ಅಂದ್ರೆ ಊರಿನ ಸೆಳೆತ ಅದರಲ್ಲಿ ಇದ್ದಿದ್ದಕ್ಕೇ ತಾನೇ ಕೇಳಿದಾಗ ಹೊರಗೆ ಬಂದಿದ್ದು?

ಬರ್ಲಿನ್_ಕನ್ನಡತಿ:
ಇಬ್ಬರ ಮಾತೂ ಒಂದು ಹಂತಕ್ಕೆ ಸರಿ. ನಾನು ಊರು ಬಿಟ್ಟು ಬಹಳ ವರ್ಷ ಆಯ್ತು, ಹಾಗಾಗಿ ಆ ಉದ್ಗಾರ ನನಗೆ ಅರ್ಥವಾಗುತ್ತೆ. ಆದ್ರೆ ಊರು ನೆನಪಾದಾಗೆಲ್ಲ ನಾನು ಅಳ್ತಾ ಕೂರಲ್ಲ. ಹೆಚ್ಚಿನ ಸಲ ಮನಸ್ಸು ಬೆಚ್ಚಗಾಗುತ್ತೆ, ಯಾವಾಗಲೋ ಒಮ್ಮೆ ಚುಚ್ಚುತ್ತೆ. ಈ ಪೀಸಿನಲ್ಲೂ ಹಾಗೇ. ಶುರುವಿನ ಹಾಡು ಬೆಚ್ಚಗಿದೆ, ತೃಪ್ತಿ ಇದೆ. ಹದಿನೇಳನೇ ಬಾರಿನ ಹೊತ್ತಿಗೆ ಅದೇ ಹಾಡು ಫೋರ್ಟಿಸ್ಸಿಮೊಗೆ (ತುಂಬಾ ಜೋರಿಗೆ) ಏರುತ್ತೆ, ಮೊದಲ ಪುಟ ಮುಗಿಯೋದರೊಳಗೆ! ಮಂಕಾಗಿ ಮೂಲೇಲಿ ಕೂತ ದುಃಖ ಅಷ್ಟು ಬೇಗ ಎದೆ ತುಂಬಿ ಕೂಗಲ್ಲ. ಅದು ಬಿಸಿರಕ್ತದ ಹಾಡು. ಬರೆದಾಗ ಅವನಿಗೆ ಇಪ್ಪತ್ತೆರಡು ವಯಸ್ಸು.

ತಂಬೂರಿತಂತಿ:
ಇದು ನನಗೆ ಹಿಡಿಸ್ತು.

ಬೆಣ್ಣೆದೋಸೆ:
ಮಧ್ಯಭಾಗ ಯಾಕೆ ಬೇಕಿತ್ತು ಅಂತ ನನಗೆ ಯಾವಾಗಲೂ ಅನ್ಸುತ್ತೆ. ಅಷ್ಟು ಚೆಂದದ ಹಾಡು ನಡೀತಿರುತ್ತೆ, ಇದ್ದಕ್ಕಿದ್ದಂಗೆ ಗಲಾಟೆ. ಎಷ್ಟೋ ಜನ ಬರೀ ಮೊದಲ ಪುಟ ನುಡಿಸಿ ನಿಲ್ಲಿಸ್ತಾರೆ. ಸಿನಿಮಾದಲ್ಲೂ, ಜಾಹೀರಾತಲ್ಲೂ ಅಷ್ಟೇ ಬರೋದು.

ಎರಡನೇಬೆರಳು:
ಅದು ಈ ಪೀಸಿಗೆ ಆಗಿರೋ ದೊಡ್ಡ ಅನ್ಯಾಯ. ಮೊದಲ ಪುಟ ಒಂದನ್ನೇ ಕೇಳಿದವರು ಇದನ್ನ ಜೋಗುಳ ಅಂದ್ಕೊಳ್ತಾರೆ.

ಮಧ್ಯಭಾಗ ಇದ್ದಕ್ಕಿದ್ದಂತೆ ಬರಲ್ಲ. ಪೋಕೊ ಪಿಯು ಅನಿಮಾಟೊ ಅಂದಲ್ಲಿ ಮೊದಲು ಸಣ್ಣ ಸಣ್ಣ ಜೋಡಿಸ್ವರಗಳ ತುಣುಕು, ಕುತೂಹಲದ ದನಿ. ಒಂದು ಪ್ರಶ್ನೆ, ಅದಕ್ಕೊಂದು ಮರುಪ್ರಶ್ನೆ. ನಂತರ ಆ ತುಣುಕುಗಳು ಒಂದರ ಮೇಲೊಂದು ಏರಿ ಸ್ಕೇಲಿನ ಹಿಡಿತ ತಪ್ಪಿಸುತ್ತವೆ. 46ನೇ ಬಾರಿನಿಂದ ‘ಕಾನ್ ಬ್ರಾವೂರಾ’ (ಕೆಚ್ಚಿನಿಂದ), ಎರಡೂ ಕೈ ಜೋಡಿಸ್ವರಗಳಲ್ಲಿ ಓಡಬೇಕು. ಎಂಟು ಬಾರ್ ಅಷ್ಟೇ, ಆದ್ರೆ ಕೈ ಸೋಲಿಸುತ್ತೆ. ಇಡೀ ಪೀಸನ್ನ ಪರೀಕ್ಷೆಗೆ ತಗೊಂಡೋರು ಬೀಳೋದು ಇಲ್ಲೇ.

ನನಗೆ ಇಡೀ ಎಟ್ಯೂಡ್‌ನಲ್ಲಿ ಅತಿ ಇಷ್ಟದ ಜಾಗ ಅದಾದ ಮೇಲಿನದ್ದು. 54ರಿಂದ 61, ಬಿ ಸ್ವರದ ಮೇಲೆ ನಿಂತು ಎಲ್ಲಾ ನಿಧಾನಕ್ಕೆ ತಣ್ಣಗಾಗುತ್ತೆ. ಅಬ್ಬರದ ಎಂಟು ಬಾರ್, ತಣಿಯೋಕೂ ಎಂಟು ಬಾರ್. 62ರಲ್ಲಿ ಹಾಡು ವಾಪಸ್ ಬಂದಾಗ ಸ್ವರಗಳು ಅವೇ, ಆದ್ರೆ ಕೇಳೋ ನಾವು ಬೇರೆ ಆಗಿರ್ತೀವಿ. ಅದೂ ಪೂರ್ತಿ ಬರಲ್ಲ, ಮೊದಲಿನದ್ದಕ್ಕಿಂತ ಗಿಡ್ಡ, ಹದಿನಾರೇ ಬಾರ್. ಮೊದಲ ಸಲ ಹಾಡಿಗೆ ಮರಳಿ ಮರಳಿ ಹೇಳೋ ಪುರುಸೊತ್ತು ಇತ್ತು. ಈಗ ಒಂದೇ ಸಲ ಹೇಳಿ ಮುಗಿಸ್ತಾನೆ. ಈ ಪೀಸಿನಲ್ಲಿ ವಿಷಾದ ಅಂತ ಏನಾದ್ರೂ ಇದ್ರೆ ಅದು ಇಲ್ಲಿದೆ, ಮೊದಲ ಬಾರಿನಲ್ಲಿ ಅಲ್ಲ. ಅದನ್ನ ಮೊದಲ ಬಾರಿನಲ್ಲೇ ಸುರಿದುಬಿಟ್ರೆ 62ಕ್ಕೆ ಬರುವಾಗ ಕೈಯಲ್ಲಿ ಏನಿರುತ್ತೆ?

ತಂಬೂರಿತಂತಿ:
ಈ ಮಾತಿಗೆ ನನ್ನ ತಕರಾರಿಲ್ಲ. ಆದ್ರೂ ಮೊದಲ ಸಲದ ಹಾಡಿನಲ್ಲೂ ಒಂದು ನೋವಿನ ಎಳೆ ನನಗೆ ಕೇಳುತ್ತೆ, ಅದನ್ನ ನೀವು ಯಾರೂ ನನ್ನಿಂದ ಕಿತ್ಕೊಳ್ಳೋಕೆ ಆಗಲ್ಲ.

ಬೆಣ್ಣೆದೋಸೆ:
54ರಿಂದ ಮತ್ತೆ ಕೇಳ್ತಿದ್ದೀನಿ. ಹೌದಲ್ಲ!

ಕಡಲಹಕ್ಕಿ:
ವಿಷಯ ಬಿಟ್ಟು ಒಂದು ಮಾತು. ನನ್ನದು ಹಳೆಯ ಅಪ್‌ರೈಟ್. ಮಳೆಗಾಲ ಶುರುವಾಯ್ತೆಂದರೆ ಕೀಗಳು ಊದಿ ಒಂದಕ್ಕೊಂದು ಅಂಟಿಕೊಳ್ತವೆ. ಈ ಎಟ್ಯೂಡ್‌ಗೆ ಬೇಕಾದ ನಾಜೂಕು ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನಮ್ಮ ಮಂಗಳೂರಿನಲ್ಲಿ ಸಿಗುವುದಿಲ್ಲ. ಒಳಗೆ ಸಣ್ಣ ಬಲ್ಬ್ ಉರಿಸಿ ಇಡುವವರು ಉಂಟು. ಯಾರಿಗಾದರೂ ಬೇರೆ ಉಪಾಯ ಗೊತ್ತುಂಟಾ?

ಬಸವನಗುಡಿ_ಬೆಳಗು:
ನಮ್ಮ ಪಕ್ಕದ ಮನೇಲಿ ಡೀಹ್ಯುಮಿಡಿಫೈಯರ್ ಇಟ್ಟಿದ್ದಾರೆ. ಆದ್ರೆ ಬೆಂಗಳೂರಿನ ಹವೆಯೇ ಬೇರೆ, ಮಂಗಳೂರಿನ ಹವೆಯೇ ಬೇರೆ.

ಸರಸ್ವತಿಪುರಂ_ಸಂಜೆ:
ನನ್ನ ಹತ್ರ ಇರೋದು ಡಿಜಿಟಲ್. ಮೇಲಿನ ಹಾಡು, ಒಳಗಿನ ಸ್ವರ ಎರಡೂ ಒಂದೇ ಮಟ್ಟದಲ್ಲಿ ಕೇಳುತ್ತೆ. ಇದು ವಾದ್ಯದ ದೋಷಾನಾ, ಕೈಯ ದೋಷಾನಾ?

ಎರಡನೇಬೆರಳು:
ಡಿಜಿಟಲ್‌ನಲ್ಲೂ ಆಗುತ್ತೆ, ಟಚ್ ಸೆನ್ಸಿಟಿವಿಟಿಯನ್ನ ‘ಹೆವಿ’ಗೆ ಇಡಿ. ಅಭ್ಯಾಸಕ್ಕೆ ಹೀಗೆ ಮಾಡಿ. ಒಂದೇ ಒಂದು ಬಾರ್ ತಗೊಳ್ಳಿ. ಹಾಡಿನ ಸ್ವರಗಳನ್ನ ನಾಲ್ಕು, ಐದನೇ ಬೆರಳಲ್ಲಿ ಒತ್ತಿ ಹಿಡಿದು ಒಳಗಿನ ಸೆಮಿಕ್ವೇವರ್‌ಗಳನ್ನ ಸ್ಟಕಾಟೊದಲ್ಲಿ (ಬಿಡಿಬಿಡಿಯಾಗಿ), ಗಾಳಿ ಸೋಕಿದಷ್ಟೇ ಮೆಲ್ಲಗೆ ನುಡಿಸಿ. ಆಮೇಲೆ ಒಳಗಿನ ಕೀಗಳನ್ನ ಸದ್ದಾಗದಂತೆ ಬರೀ ಮುಟ್ಟಿ, ಮೇಲಿನದ್ದು ಮಾತ್ರ ಕೇಳಲಿ. ಕೈಯ ಭಾರವನ್ನ ಸ್ವಲ್ಪ ಕಿರುಬೆರಳಿನ ಕಡೆಗೆ ವಾಲಿಸಿ, ಬೆರಳಿಂದ ತಿವೀಬೇಡಿ. ಮಣಿಕಟ್ಟು ಬಿಗಿಯಾದ ತಕ್ಷಣ ನಿಲ್ಲಿಸಿ, ಇಲ್ಲಾಂದ್ರೆ ನೋವು ಹತ್ಕೊಳ್ಳುತ್ತೆ.

ಪೆಡಲ್ ಇಲ್ಲದೆ ಕಲೀರಿ. ಪೆಡಲ್ ಒತ್ತಿಕೊಂಡು ಲೆಗಾಟೊ ಬಂತು ಅಂತ ಖುಷಿಪಟ್ರೆ ಬೆರಳು ಏನೂ ಕಲಿಯಲ್ಲ. ಪಿಯಾನೊ ವಾದಕ ಕೊರ್ಟೊ 1915ರಲ್ಲಿ ಓಪಸ್ 10ಕ್ಕೆ ಅಭ್ಯಾಸದ ಆವೃತ್ತಿ ತಂದಿದ್ದ. ಪ್ರತಿ ಎಟ್ಯೂಡ್‌ಗೂ ಮೊದಲು ಮಾಡಬೇಕಾದ ಕಸರತ್ತುಗಳಿವೆ ಅದರಲ್ಲಿ. ಸಿಕ್ಕರೆ ನೋಡಿ.

ಬರ್ಲಿನ್_ಕನ್ನಡತಿ:
ಇದಕ್ಕೊಂದು ಚಿಕ್ಕ ಸೇರ್ಪಡೆ. ಎಲ್ಲಾ ಬೆರಳಿಗೂ ಒಂದೇ ಬಲ ತರಿಸೋದು ಆ ಕಾಲದ ಬೋಧಕರ ಹಟ ಆಗಿತ್ತು. ಶೋಪಾನ್ ಅದನ್ನ ಒಪ್ಪಲಿಲ್ಲ. ಒಂದೊಂದು ಬೆರಳಿಗೂ ಅದರದ್ದೇ ಗುಣ ಇದೆ, ಅದನ್ನ ಕೆಡಿಸಬೇಡಿ, ಬಳಸಿ ಅಂತ ಅವನ ನಿಲುವು. ತಾನು ಬರೆಯಲು ಶುರುಮಾಡಿ ಮುಗಿಸದೆ ಬಿಟ್ಟ ಪಾಠಕ್ರಮದ ಟಿಪ್ಪಣಿಗಳಲ್ಲಿ ಇದು ಇದೆ. ಕೈ ಇಡೋಕೆ ಸಹಜವಾದ ಜಾಗ ಅಂತ ಅವನು ತೋರಿಸೋದು ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ. ಉದ್ದದ ಮೂರು ಬೆರಳು ಕಪ್ಪು ಕೀಗಳ ಮೇಲೆ, ಹೆಬ್ಬೆರಳು, ಕಿರುಬೆರಳು ಬಿಳಿಯ ಮೇಲೆ. ಇ ಮೇಜರ್ ಸ್ಕೇಲ್ ಈ ಆಕಾರಕ್ಕೆ ಎಷ್ಟು ಹತ್ತಿರ ನೋಡಿ. ಕೈಗೆ ಹಿತವಾದ ಜಾಗದಲ್ಲೇ ಈ ಹಾಡು ಇದೆ. ಅದರ ಬೆಚ್ಚಗಿನ ಗುಣಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಮಲೆನಾಡಮಳೆ:
ಸಮಾನ ಬಲ ಬೇಕೇ ಬೇಕು ಅಂತ ನಮಗೆ ಹೇಳಿಕೊಟ್ಟಿದ್ದು. ಚೆರ್ನಿ ಪುಸ್ತಕ ಪುಟಗಟ್ಟಲೆ ಮಾಡಿಸಿದ್ರು. ಅದರಿಂದ ನನಗೆ ಲಾಭವೂ ಆಗಿದೆ.

ಎರಡನೇಬೆರಳು:
ಆಗಿಯೇ ಆಗುತ್ತೆ. ಚೆರ್ನಿ, ಕ್ರಾಮರ್, ಕ್ಲೆಮೆಂಟಿ ಬೇಡ ಅಂತ ಯಾರೂ ಅನ್ನಲ್ಲ. ಶೋಪಾನ್ ಕೂಡ ಶಿಷ್ಯರಿಗೆ ಕ್ಲೆಮೆಂಟಿ, ಕ್ರಾಮರ್ ಕೊಡ್ತಿದ್ದ. ಆದ್ರೆ ಅಲ್ಲಿ ಹೆಚ್ಚಿನ ಕಡೆ ಕಸರತ್ತು ಮೊದಲು, ಸಂಗೀತ ಆಮೇಲೆ. ಇಲ್ಲಿ ಕಸರತ್ತನ್ನ ಬೇರೆ ಮಾಡಿ ತೆಗೆಯೋಕೇ ಬರಲ್ಲ. ಹಾಡು ಕೇಳಿಸಿದ್ರೆ ತಾಂತ್ರಿಕವಾಗಿ ಗೆದ್ದ ಹಾಗೆ, ಕೇಳಿಸದಿದ್ರೆ ಎಲ್ಲಾ ಸ್ವರ ಸರಿಯಾಗಿ ಬಿದ್ದಿದ್ರೂ ಸೋತ ಹಾಗೆ.

ಹಳೇರೆಕಾರ್ಡು:
ಓಪಸ್ 10 ಅರ್ಪಣೆ ಆಗಿರೋದು ಪಿಯಾನೊ ವಾದಕ ಲಿಸ್ಟ್‌ಗೆ. 1833ರಲ್ಲಿ ಗೆಳೆಯ ಹಿಲ್ಲರ್‌ಗೆ ಬರೆದ ಕಾಗದದಲ್ಲಿ ಶೋಪಾನ್ ಹೇಳ್ತಾನೆ, ಪಕ್ಕದಲ್ಲೇ ಲಿಸ್ಟ್ ನನ್ನ ಎಟ್ಯೂಡ್‌ಗಳನ್ನ ನುಡಿಸ್ತಿದ್ದಾನೆ, ಅವನು ನುಡಿಸೋ ರೀತಿಯನ್ನ ಕದಿಯಬೇಕು ಅನ್ಸುತ್ತೆ ಅಂತ. ಬರೆದವನೇ ಇನ್ನೊಬ್ಬರ ಕೈಯಲ್ಲಿ ಕೇಳಿ ಹಾಗೆ ಅಂದಿರುವಾಗ ‘ಹೀಗೇ ನುಡಿಸ್ಬೇಕು’ ಅಂತ ನಾವು ಕಟ್ಟು ಹಾಕೋದು ಬೇಡ.

ಕೇಳೋಕೆ ಹೇಳೋದಾದ್ರೆ, ಬಾಕ್‌ಹೌಸ್ 1920ರ ದಶಕದ ಕೊನೆಯಲ್ಲಿ ಎಲ್ಲಾ ಎಟ್ಯೂಡ್ ರೆಕಾರ್ಡ್ ಮಾಡಿದ್ದಾನೆ, ಕೊರ್ಟೊ 1930ರ ದಶಕದಲ್ಲಿ. ಪೊಲ್ಲಿನಿಯದ್ದು 1972. ಮೂರನ್ನೂ ಒಂದರ ಹಿಂದೊಂದು ಕೇಳಿ. ಪೊಲ್ಲಿನಿ ಹಾಡನ್ನ ನೇರವಾಗಿ ಇಡ್ತಾನೆ, ಸಕ್ಕರೆ ಸುರಿಯಲ್ಲ. ಕೊರ್ಟೊ ಮಾತಾಡಿದ ಹಾಗೆ ನುಡಿಸ್ತಾನೆ, ತಪ್ಪು ಸ್ವರಗಳೂ ಇವೆ, ನನಗೆ ಅದರ ಚಿಂತೆಯಿಲ್ಲ.

ತಂಬೂರಿತಂತಿ:
ಪೊಲ್ಲಿನಿ ನನಗೆ ತಣ್ಣಗೆ ಅನ್ಸುತ್ತೆ.

ಹಳೇರೆಕಾರ್ಡು:
ತಣ್ಣಗಲ್ಲ, ಶುಚಿ.

ತಂಬೂರಿತಂತಿ:
ನಿಮಗೆ ಶುಚಿ, ನನಗೆ ತಣ್ಣಗೆ. ಈ ಜಗಳ ನಾಳೆಗಿರಲಿ ಸರ್.

ಶಾಲ್ಮಲಾತೀರ:
ಗೊಡೌಸ್ಕಿ ಅಂಬಾಂವ ಇದನ್ನ ಎಡಗೈ ಒಂದರಾಗ ನುಡಿಸೂ ಹಂಗ ಬರದಾನಂತ ಕೇಳೀನಿ. ಖರೇನ ಏನ್ರೀ?

ಎರಡನೇಬೆರಳು:
ಖರೇ ಸರ್. ಶೋಪಾನ್‌ನ ಎಟ್ಯೂಡ್‌ಗಳ ಮೇಲೆ ಗೊಡೌಸ್ಕಿ 53 ಸ್ಟಡಿಗಳನ್ನ ಕಟ್ಟಿದ್ದಾನೆ. ಇದನ್ನ ಎಡಗೈಗೆ ಮಾತ್ರ ಬರೆದು, ಡಿ ಫ್ಲ್ಯಾಟ್ ಮೇಜರ್‌ಗೆ ಇಳಿಸಿದ್ದಾನೆ. ಕಣ್ಣು ಮುಚ್ಚಿ ಕೇಳಿದ್ರೆ ಒಂದೇ ಕೈ ಅಂತ ನಂಬೋಕಾಗಲ್ಲ. ಎಡಗೈಯಲ್ಲಿ ಹಾಡು ಹೆಬ್ಬೆರಳಿನ ಕಡೆಗೆ ಬರೋದ್ರಿಂದ ಬೇರೆಯದೇ ಸಮತೋಲ.

ಸರಸ್ವತಿಪುರಂ_ಸಂಜೆ:
ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತಿದ್ರು ಅಂತ ಮನೇಲಿ ಹೇಳೋರು. ಶೋಪಾನ್ ನುಡಿಸ್ತಿದ್ರಾ?

ಹಳೇರೆಕಾರ್ಡು:
ಪಿಯಾನೊ ಗಂಭೀರವಾಗೇ ಕಲಿತಿದ್ರು, ಲಂಡನ್ನಿನ ಸಂಗೀತ ಪರೀಕ್ಷೆಗಳನ್ನೂ ಪಾಸು ಮಾಡಿದ್ರು. ಅವರ ಹೆಸರು ಜಗತ್ತಿನ ಸಂಗೀತಚರಿತ್ರೆಯಲ್ಲಿ ನಿಂತಿರೋದು ಮೆಟ್ನರ್ ಕಾರಣಕ್ಕೆ. ನಿಕೊಲಾಯ್ ಮೆಟ್ನರ್, ರಷ್ಯನ್ ಸಂಗೀತಗಾರ, ರಾಖ್ಮಾನಿನೊಫ್‌ನ ಗೆಳೆಯ. ಲಂಡನ್ನಿನಲ್ಲಿ ಕಾಯಿಲೆ, ಬಡತನದಲ್ಲಿದ್ದಾಗ ಅವನ ಕೃತಿಗಳ ರೆಕಾರ್ಡಿಂಗ್‌ಗೆ ಮಹಾರಾಜರು ಹಣ ಕೊಟ್ರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನ ಅವರಿಗೇ ಅರ್ಪಿಸಿದ. ಮೆಟ್ನರ್ ತಾನೇ ನುಡಿಸಿರೋ ರೆಕಾರ್ಡ್‌ಗಳು ಇಂದು ನಮಗೆ ಸಿಗ್ತಿರೋದು ಮೈಸೂರಿನಿಂದ.

ಮಲೆನಾಡಮಳೆ:
ಇದಕ್ಕೆ ಬೇರೆ ಥ್ರೆಡ್ ಬೇಕು, ದಯವಿಟ್ಟು ಶುರುಮಾಡಿ.

ಗುರುತುಬೇಡ:
ಮೂಲ ವಿಷಯಕ್ಕೆ ಬರೋಣ. ರುಬಾಟೊ (ಕಾಲವನ್ನ ಚೂರು ಹಿಗ್ಗಿಸಿ ಕುಗ್ಗಿಸೋದು) ಎಷ್ಟು? ಕೆಲವರು ಪ್ರತಿ ಬಾರಿನಲ್ಲೂ ಎಳೀತಾರೆ.

ಬರ್ಲಿನ್_ಕನ್ನಡತಿ:
ಶಿಷ್ಯರು ಬರೆದಿಟ್ಟಿರೋದು ಒಂದೇ ದಿಕ್ಕಿನಲ್ಲಿದೆ. ಎಡಗೈ ವಾದ್ಯವೃಂದದ ನಾಯಕ, ಅದು ಕಾಲ ಕಾಯಬೇಕು, ಬಲಗೈ ಹಾಡುವಾಗ ಚೂರು ಹಿಂದೆ ಮುಂದೆ ಆಗಬಹುದು. ಈ ಎಟ್ಯೂಡ್‌ನಲ್ಲಿ ತೊಡಕು ಅಂದ್ರೆ ಬಲಗೈಯಲ್ಲೇ ಹಾಡೂ ಇದೆ, ತೂಗೋ ಸ್ವರಗಳೂ ಇವೆ. ಹಾಗಾಗಿ ಒಳಗಿನ ಸೆಮಿಕ್ವೇವರ್‌ಗಳು ಎಡಗೈಯ ಕಡೆಗೆ ಸೇರ್ಬೇಕು, ಲಯ ಕಾಯೋ ಪಕ್ಷಕ್ಕೆ. ಮೇಲಿನ ಎರಡು ಬೆರಳಿಗೆ ಮಾತ್ರ ಸ್ವಾತಂತ್ರ್ಯ. ಅದನ್ನ ಸಾಧಿಸಿದವರ ಕೈಯಲ್ಲಿ ಕೇಳಿದ್ರೆ ಹಾಡು ತೇಲುತ್ತೆ, ಆದ್ರೆ ನೆಲ ಅಲುಗಲ್ಲ.

ಬಸವನಗುಡಿ_ಬೆಳಗು:
ತಾಳ ಬಿಡದೆ ನೆರವಲ್ ಮಾಡೋರನ್ನ ಕೇಳಿದ್ದೀವಲ್ಲ, ಹಾಗೇ ಅರ್ಥವಾಯ್ತು.

ಸರಸ್ವತಿಪುರಂ_ಸಂಜೆ:
ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಪೆಡಲ್ ಇಲ್ಲದೆ, ಕ್ವೇವರ್‌ಗೆ 84 ಇಟ್ಟು ಮೊದಲ ಎಂಟು ಬಾರ್ ನುಡಿಸಿದೆ. ಐದು ಬಾರ್ ಒಂದೇ ಗೆರೆಯಾಗಿ ಬಂತು. ನಾಳೆ ಕ್ಲಾಸಿನಲ್ಲಿ ಟೀಚರ್ ಮುಂದೆ ಹೀಗೇ ನುಡಿಸ್ತೀನಿ, ಅವರೇನಂತಾರೋ ಬಂದು ಹೇಳ್ತೀನಿ.

ತಂಬೂರಿತಂತಿ:
84! ನನಗೂ ಅದೇ ಹಿತ. ನೋಡಿದ್ರಾ, ನೂರೇ ಆಗ್ಬೇಕಿಲ್ಲ.

ಎರಡನೇಬೆರಳು:
ಹಾಡು ಮುರೀದಿದ್ರೆ 84ಕ್ಕೆ ನನ್ನದೂ ಒಪ್ಪಿಗೆ. ಸಂಜೆ ಅವರೇ, ಮುಂದೆ ಇಡೀ ಪೀಸ್ ಕೈಗೆ ಬಂದ ಮೇಲೆ ನಾಲ್ಕನೇ ಎಟ್ಯೂಡ್ ಜೊತೆಗೇ ನೋಡಿ. ಹಸ್ತಪ್ರತಿಯಲ್ಲಿ ಇದರ ಕೊನೆಗೆ ಶೋಪಾನ್ ‘ಅತ್ತಾಕ್ಕಾ ಇಲ್ ಪ್ರೆಸ್ಟೊ ಕಾನ್ ಫುವೊಕೊ’ ಅಂತ ಬರೆದಿದ್ದ. ಅಂದ್ರೆ ನಿಲ್ಲಿಸದೆ ಸೀದಾ ಮುಂದಿನದ್ದಕ್ಕೆ, ಸಿ ಶಾರ್ಪ್ ಮೈನರ್‌ನ ಆ ಬಿರುಗಾಳಿಗೆ.

ತಂಬೂರಿತಂತಿ:
ಅಯ್ಯೋ, ಬೇಡ. ಇದು ಮುಗಿದ ಮೇಲೆ ನನಗೆ ಸ್ವಲ್ಪ ಮೌನ ಬೇಕು. ಅಚ್ಚಿನಲ್ಲಿ ಆ ಸೂಚನೆ ಇಲ್ಲ ತಾನೇ?

ಎರಡನೇಬೆರಳು:
ಅಚ್ಚಿನಲ್ಲಿ ಇಲ್ಲ. ಆದ್ರೂ ಬರೆಯುವಾಗ ಅವನ ಕಿವಿಯಲ್ಲಿ ಎರಡೂ ಒಟ್ಟಿಗೇ ಇದ್ದವು. ಒಂದು ಸಲ ಜೋಡಿಸಿ ಕೇಳಿ ಮೇಡಂ, ಆಮೇಲೆ ಜಗಳ ಆಡೋಣ.

ಕಡಲಹಕ್ಕಿ:
ನಾನು ಜೋಡಿಸಿಯೇ ನುಡಿಸುವುದು. ಮಳೆಗಾಲ ಮುಗಿಯಲಿ, ರೆಕಾರ್ಡ್ ಮಾಡಿ ಇಲ್ಲೇ ಹಾಕ್ತೇನೆ.